ಹಾಲು ಬಿಡಿಸಿದ ಹಂದಿಮರಿಗೆ ಯಾವ ಎಮಲ್ಸಿಫೈಯರ್? ಮೊದಲು ತೌಡಿನ ಚೀಲ ಮೂಸಿ ನೋಡಿ

28 ದಿನಕ್ಕೆ ಹಾಲು ಬಿಡಿಸಿದ ಮರಿ, ಫೀಡಿನಲ್ಲಿ ತೌಡು, ಬೂದು ಬಣ್ಣದ ಅಂಟು ಬೇಧಿ, ತಿಂದರೂ ಮೈ ಹಿಡಿಯುತ್ತಿಲ್ಲ, ಯಾವ ಕಂಪನಿಯ ಎಮಲ್ಸಿಫೈಯರ್ (ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುವಂತೆ ಮಾಡುವ ಪುಡಿ) ಒಳ್ಳೆಯದು ಅಂತ ಕೇಳಿದ್ದೀರಿ. ಕೊಡಗಿನ ಪೊನ್ನಂಪೇಟೆ ಕಡೆಯ ನಮ್ಮ ಹಂದಿಗೂಡಿನಲ್ಲಿ ಅಕ್ಷರಶಃ ಇದೇ ಆಗಿತ್ತು. ನಾನೂ ಆಗ ಕಂಪನಿ ಹೆಸರನ್ನೇ ಹುಡುಕುತ್ತಿದ್ದೆ.

ಮಳೆ ಹಿಡಿದರೆ ಲಾರಿ ಬರುವುದು ಕಷ್ಟ ಅಂತ ಮೇ ಕೊನೆಯಲ್ಲೇ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ಮಿಲ್ಲಿನಿಂದ 12 ಚೀಲ ತೌಡು ತಂದು ಕಾಫಿ ಗೋಡೌನಿನಲ್ಲಿ ಪೇರಿಸಿದ್ದೆ. ನನ್ನ ಲೆಕ್ಕ ಸುಲಭ: ತೌಡಿನಲ್ಲಿ ಸುಮಾರು ಶೇ. 15 ಎಣ್ಣೆ ಇರುತ್ತದೆ, ಫೀಡಿಗೆ ಶೇ. 20 ತೌಡು ಹಾಕಿದರೆ ಶೇ. 3 ಎಣ್ಣೆ ಪುಕ್ಕಟೆ ಸಿಕ್ಕಿತು. ಅದನ್ನು ಜೀರ್ಣ ಮಾಡಿಸಲು ಎಮಲ್ಸಿಫೈಯರ್ ಪುಡಿ ಇದೆ, ಇನ್ನು ಬೇರೆ ಎಣ್ಣೆಗೆ ದುಡ್ಡು ಯಾಕೆ?

ಎಣ್ಣೆ ಎಷ್ಟಿದೆ ಅಂತ ನೋಡಿದೆ, ಹೇಗಿದೆ ಅಂತ ನೋಡಲಿಲ್ಲ. ಭತ್ತದ ಕಾಳಿನಲ್ಲಿ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಕಿಣ್ವವೂ ಬೇರೆ ಬೇರೆ ಪದರದಲ್ಲಿರುತ್ತವೆ. ಮಿಲ್ ಮಾಡಿದ ಕೂಡಲೇ ಎರಡೂ ಬೆರೆತು ಎಣ್ಣೆ ಒಡೆಯಲು ಶುರುವಾಗುತ್ತದೆ. ಕೆಲವೇ ದಿನಗಳಲ್ಲಿ ಬಿಡಿ ಕೊಬ್ಬಿನಾಮ್ಲ ಏರುತ್ತದೆ, ಆಮೇಲೆ ಗಾಳಿ ತಾಗಿ ಕಮಟು. ಕೊಡಗಿನ ಜಡಿಮಳೆಯ ತೇವದಲ್ಲಿ ಇದು ಇನ್ನೂ ಬೇಗ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಹೊತ್ತಿಗೆ ನನ್ನ ಚೀಲ ಬಿಚ್ಚಿದರೆ ಹಳೇ ಪೇಂಟ್ ಡಬ್ಬದ ವಾಸನೆ, ಒಂದು ಚಿಟಿಕೆ ಬಾಯಿಗೆ ಹಾಕಿದರೆ ಕಹಿ, ಗಂಟಲು ಹಿಡಿಯುತ್ತಿತ್ತು. ಮರಿಗಳು ಮೂಸಿ ಹಿಂದೆ ಸರಿಯುತ್ತಿದ್ದವು. ತಿಂದಷ್ಟರಲ್ಲೂ ಬಿಡಿ ಕೊಬ್ಬಿನಾಮ್ಲ ಒಂದಷ್ಟು ಕ್ಯಾಲ್ಸಿಯಂ ಜೊತೆ ಸೇರಿ ಸೋಪಿನಂತಾಗಿ ಹೊರಗೆ ಹೋಗುತ್ತದೆ, ಕಮಟೆಣ್ಣೆ ಫೀಡಿನ ವಿಟಮಿನ್ ಇ ಯನ್ನೂ ಹಾಳು ಮಾಡುತ್ತದೆ. ಎಮಲ್ಸಿಫೈಯರ್ ಎಣ್ಣೆಯ ಹನಿಯನ್ನು ಚಿಕ್ಕದು ಮಾಡುತ್ತದೆ, ಅಷ್ಟೇ. ಕೆಟ್ಟ ಎಣ್ಣೆಯನ್ನು ಒಳ್ಳೆಯದು ಮಾಡುವುದಿಲ್ಲ. ನಾನೋ, ಬೇಧಿ ನಿಲ್ಲಲಿಲ್ಲ ಅಂತ ಪುಡಿಯ ಪ್ರಮಾಣ ಎರಡು ಪಟ್ಟು ಮಾಡಿದೆ!

ಆ ಪುಡಿ ಸುಳ್ಳು ಅಂತ ಅಲ್ಲ. ತಾಯಿ ಹಂದಿಯ ಹಾಲಿನಲ್ಲಿ ಶೇ. 7-8ರಷ್ಟು ಕೊಬ್ಬು ಆಗಲೇ ಸಣ್ಣ ಹನಿಗಳಾಗಿರುತ್ತದೆ, ಮರಿಗೆ ಕಷ್ಟವಿಲ್ಲ. ಹಾಲು ಬಿಡಿಸಿದ ಮೇಲೆ ಮರಿಯ ಮೇದೋಜೀರಕದ ಲೈಪೇಸ್ ಕುಸಿಯುತ್ತದೆ, ಪಿತ್ತರಸವೂ ಸಾಲದು. ಆ ಎರಡು-ಮೂರು ವಾರಕ್ಕೆ ಲೈಸೊಲೆಸಿಥಿನ್ ಎಂಬ ಎಮಲ್ಸಿಫೈಯರ್ ಉಪಯೋಗ. ಸೋಯಾ ಲೆಸಿಥಿನ್ನಿನ ಎರಡು ಕೊಬ್ಬಿನ ಬಾಲಗಳಲ್ಲಿ ಒಂದನ್ನು ಕತ್ತರಿಸಿದರೆ ಅದೇ ಲೈಸೊಲೆಸಿಥಿನ್. ನೀರಿಗೆ ಹೆಚ್ಚು ಒಗ್ಗುತ್ತದೆ, ಹನಿ ಚಿಕ್ಕದಾದಷ್ಟೂ ಇರುವ ಲೈಪೇಸಿಗೆ ತಾಗಲು ಜಾಗ ಹೆಚ್ಚು. ಆದರೆ ಪ್ರಯೋಗಗಳಲ್ಲಿ ಕೊಬ್ಬಿನ ಜೀರ್ಣ ಸುಧಾರಿಸಿದರೂ ತೂಕ ಪ್ರತಿ ಸಲ ಏರಿಲ್ಲ. ಎಣ್ಣೆಯೇ ಇಲ್ಲದ ಫೀಡಿಗೆ ಹಾಕಿದರಂತೂ ದುಡ್ಡು ದಂಡ.

ಈಗ ನಾನು 100 ಕೆ.ಜಿ.ಗೆ ಹಾಕುವುದು: ಜೋಳದ ನುಚ್ಚು (ಮುಸುಕಿನ ಜೋಳ) 56, ಸೋಯಾ ಹಿಂಡಿ 26, ಉಪ್ಪು ಹಾಕದ ಒಣಮೀನಿನ ಪುಡಿ 5, ಹಾಲಿನ ಪುಡಿ 7.5, ಸೋಯಾ ಎಣ್ಣೆ 3, ವಿಟಮಿನ್ ಸೇರಿದ ಖನಿಜ ಮಿಶ್ರಣ 2 ಕೆ.ಜಿ., ಉಪ್ಪು 300 ಗ್ರಾಂ, ಲೈಸಿನ್ (ಅಮೈನೋ ಆಮ್ಲ) 200 ಗ್ರಾಂ. ಸೋಯಾ ಎಣ್ಣೆ ಬದಲು ತೆಂಗಿನೆಣ್ಣೆಯೂ ಆಗುತ್ತದೆ, ಅದರ ಮಧ್ಯಮ ಸರಪಳಿಯ ಕೊಬ್ಬಿಗೆ ಪಿತ್ತರಸ ಅಷ್ಟು ಬೇಕಿಲ್ಲ. ಹೋಟೆಲಿನ ಕರಿದ ಎಣ್ಣೆ, ಹಂದಿ ನೆಣ ಮಾತ್ರ ಬೇಡ. ಮೊದಲನೆಯದು ಕಮಟು, ಎರಡನೆಯದು ಆಫ್ರಿಕನ್ ಹಂದಿ ಜ್ವರಕ್ಕೆ ಬಾಗಿಲು.

ಎಮಲ್ಸಿಫೈಯರ್ ಪುಡಿಯ ಚೀಟಿಯಲ್ಲಿ ಟನ್ನಿಗೆ 500 ಗ್ರಾಂ ಅಂತಿದ್ದರೆ 100 ಕೆ.ಜಿ.ಗೆ 50 ಗ್ರಾಂ. ಅದನ್ನು ನೇರ ರಾಶಿಗೆ ಸುರಿದರೆ ಒಂದೇ ಮೂಲೆಯಲ್ಲಿ ಉಳಿಯುತ್ತದೆ. 1 ಕೆ.ಜಿ. ಜೋಳದ ಹಿಟ್ಟಿಗೆ ಬೆರೆಸಿ, ಅದನ್ನು 10 ಕೆ.ಜಿ.ಗೆ, ಆಮೇಲೆ ಪೂರ್ತಿ ರಾಶಿಗೆ. ಎಣ್ಣೆ ಕೊನೆಗೆ, ತೆಳ್ಳಗೆ ಹೊಯ್ಯುತ್ತಾ ಗಂಟುಗಳನ್ನು ಅಂಗೈಯಲ್ಲಿ ಉಜ್ಜಿ ಒಡೆಯಬೇಕು. ಮಳೆಗಾಲದಲ್ಲಿ ಒಂದು ವಾರಕ್ಕಾಗುವಷ್ಟೇ ಕಲಸಿ.

28 ದಿನಕ್ಕೇ ಹಾಲು ಬಿಡಿಸಬೇಕು ಅಂತ ಯಾರು ಹೇಳಿದರು? ಹಾಲಿನ ಪುಡಿ ಹಾಕುವ ಶಕ್ತಿ, 28-30 ಡಿಗ್ರಿ ಬೆಚ್ಚಗಿನ ಒಣ ಜಾಗ ಎರಡೂ ಇಲ್ಲದಿದ್ದರೆ 42 ದಿನ ತಾಯಿ ಜೊತೆ ಬಿಡಿ. ಒದ್ದೆ ಸಿಮೆಂಟಿನ ಮೇಲೆ ನಡುಗುವ ಮರಿ ತಿಂದದ್ದನ್ನೆಲ್ಲ ಮೈ ಕಾಯಿಸಲೇ ಸುಡುತ್ತದೆ. ಬೇಧಿ ನೀರಿನಂತೆ ಹೋಗಿ ಕಣ್ಣು ಗುಳಿ ಬಿದ್ದರೆ ಅದು ಎಣ್ಣೆಯ ವಿಷಯವಲ್ಲ, ಅಂದೇ ಪಶುವೈದ್ಯರನ್ನು ಕರೆಸಿ.

ತೌಡು ಬೇಕೇ ಬೇಕೆಂದರೆ ಕುಚ್ಚಲಕ್ಕಿ ಮಿಲ್ಲಿನದು ತನ್ನಿ. ಭತ್ತ ಬೇಯಿಸುವಾಗಲೇ ಆ ಲೈಪೇಸ್ ಸಾಯುವುದರಿಂದ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಅದನ್ನೂ ದೊಡ್ಡ ಹಂದಿಗಳಿಗೇ ಹಾಕಿ. ನನ್ನ ಆ 12 ಚೀಲದಲ್ಲಿ ಉಳಿದ ಏಳು ಕಾಫಿ ಗಿಡದ ಬುಡಕ್ಕೆ ಹೋದವು.