ಅವನು ‘ಅದು’ ಆದದ್ದು ಯಾವಾಗ?

ಪ್ರಿಯರೇ,

‘ಆಧುನಿಕ ಸಾಹಿತ್ಯದಲ್ಲಿ ಏಕಾಕಿತನ ಮತ್ತು ಯಾತನೆ’ ಎಂಬ ನಿಮ್ಮ 14 ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಎರಡು ಸಾಲಿನ ವಿಷಾದಪತ್ರ ಕಳಿಸಿ ಮುಗಿಸಬಹುದಿತ್ತು. ಆದರೆ 9ನೇ ಪುಟದ ನಡುವೆ ನೀವು ಬರೆದಿರುವ ನಾಲ್ಕು ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಅವುಗಳ ಸಲುವಾಗಿ ಇಷ್ಟು ಉದ್ದದ ಪತ್ರ.

ಆ ಸಾಲುಗಳನ್ನು ನೀವು ಎಷ್ಟು ಅವಸರದಲ್ಲಿ ದಾಟಿದ್ದೀರೆಂದರೆ, ಬರೆದದ್ದು ನಿಮಗೇ ನೆನಪಿರಲಿಕ್ಕಿಲ್ಲ. ಬಿ.ಎ. ಎರಡನೇ ವರ್ಷದಲ್ಲಿ ನಿಮಗೆ ಮೈಮೇಲೆ ಅಮ್ಮ ಎದ್ದಿತ್ತು. ಹಾಸ್ಟೆಲಿನ ಮೇಲಿನ ಮಹಡಿಯ ಖಾಲಿ ಕೋಣೆಯಲ್ಲಿ ನಿಮ್ಮನ್ನು ಎರಡು ವಾರ ಇರಿಸಿದ್ದರು. ಊಟದ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಯಾರೋ ಬಾಗಿಲು ತಟ್ಟುತ್ತಿದ್ದರು. ನೀವು ಚಿಲಕ ತೆಗೆಯುವ ಹೊತ್ತಿಗೆ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗಿರುತ್ತಿತ್ತು. ಆ ಕೋಣೆಯಲ್ಲಿಯೇ ಮೊದಲ ಸಲ ಪ್ರಾಗ್‌ನ ಜರ್ಮನ್ ಲೇಖಕ ಕಾಫ್ಕಾನ ‘ರೂಪಾಂತರ’ ಕಥೆ ಓದಿದಿರಿ. ಇಷ್ಟು ಬರೆದವರು ಮರುಸಾಲಿನಲ್ಲಿಯೇ ‘ಇರಲಿ, ಇದು ವೈಯಕ್ತಿಕ, ವಿಷಯಕ್ಕೆ ಬರೋಣ’ ಎಂದುಬಿಟ್ಟಿದ್ದೀರಿ. ವಿಷಯ ಅಲ್ಲಿಯೇ ಇತ್ತು. ಅದನ್ನು ಕೋಣೆಯಲ್ಲಿ ಬಿಟ್ಟು ನೀವು ಹೊರಗೆ ಬಂದಿರಿ.

ಉಳಿದ ಪುಟಗಳ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಕಾಫ್ಕಾ, ಕಾಮೂ, ವರ್ಜೀನಿಯಾ ವೂಲ್ಫ್, ಬೆಕೆಟ್, ಚಿತ್ತಾಲ ಇವರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಅಷ್ಟಿಷ್ಟು ಬಡಿಸುತ್ತಾ ಹೋಗಿದ್ದೀರಿ. ಯಾರ ಎಲೆಯ ಮುಂದೆಯೂ ನಿಂತು ಮಾತನಾಡಿಸಿಲ್ಲ. ‘ಅನಾಥಪ್ರಜ್ಞೆ’ ಎಂಬ ಪದ 23 ಕಡೆ ಬಂದಿದೆ, ‘ಆಧುನಿಕ ಮನುಷ್ಯ’ 17 ಕಡೆ. ನಾನು ಬರೆಯಲು ಕಲಿಯುತ್ತಿದ್ದ ಕಾಲಕ್ಕೆ ಈ ಪದಗಳು ಆಗಲೇ ಕೈಯಿಂದ ಕೈಗೆ ಸವೆದ ನಾಣ್ಯಗಳಾಗಿದ್ದವು. ಪೂರ್ಣಚಂದ್ರ ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ವ್ಯಕ್ತಿಯ ಒಂಟಿತನವನ್ನೇ ಹೆಚ್ಚಾಗಿ ಬರೆದ ನವ್ಯ ಸಾಹಿತ್ಯದ ಹಾದಿ ಬಿಟ್ಟು ಹೊಸ ದಿಕ್ಕು ಹಿಡಿಯಬೇಕೆಂದು ಬರೆದದ್ದು 1973ರಲ್ಲಿ. ಸ್ವತಃ ಆ ಹಾದಿಯಲ್ಲಿ ನಡೆದು ನೋಡಿದ ಮೇಲೆ ಅವರು ಆಡಿದ ಮಾತು ಅದು. ಒಂಟಿತನವೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಪದಗಳನ್ನು ಹಿಡಿದರೆ ಒಂಟಿತನ ಕೈಗೆ ಹತ್ತುವುದಿಲ್ಲ ಎನ್ನುತ್ತಿದ್ದೇನೆ.

ಒಂದು ಉದಾಹರಣೆ ನೋಡಿ. ‘ಗ್ರೆಗೋರ್ ಸಂಸಾ ಅಸ್ತಿತ್ವದ ಅರ್ಥಹೀನತೆಯನ್ನು ಎದುರಿಸುವ ಆಧುನಿಕ ಮನುಷ್ಯನ ಪ್ರತೀಕ’ ಎಂದು ಬರೆದಿದ್ದೀರಿ. ಕಥೆಯನ್ನು ಮತ್ತೆ ತೆರೆಯಿರಿ. ಗ್ರೆಗೋರ್ ಬಟ್ಟೆಯ ಮಾದರಿಗಳನ್ನು ಹೊತ್ತು ಊರೂರು ತಿರುಗುವ ಮಾರಾಟಗಾರ. ಒಂದು ಬೆಳಗ್ಗೆ ದೊಡ್ಡ ಕೀಟವಾಗಿ ಎಚ್ಚರಗೊಳ್ಳುತ್ತಾನೆ. ಗಡಿಯಾರದ ಗಂಟೆ ನಾಲ್ಕಕ್ಕೆ ಹೊಡೆಯಬೇಕಿತ್ತು, ಐದರ ರೈಲು ಹಿಡಿಯಬೇಕಿತ್ತು, ಕಣ್ಣು ಬಿಟ್ಟಾಗ ಆರೂವರೆ. ಮೈಗೆ ಹಲವಾರು ಕಾಲುಗಳು ಬಂದಿವೆ, ಅವನ ಚಿಂತೆ ಮಾತ್ರ ತಪ್ಪಿಹೋದ ರೈಲಿನದು. ಅಪ್ಪ ಅಮ್ಮ ಅವನ ಯಜಮಾನನಿಗೆ ಸಾಲಗಾರರು. ಅದು ತೀರಲು ಇನ್ನೂ ಐದಾರು ವರ್ಷ ಬೇಕು ಎಂದು ಹಾಸಿಗೆಯಲ್ಲಿ ಬಿದ್ದುಕೊಂಡೇ ಲೆಕ್ಕ ಹಾಕುತ್ತಾನೆ. ಆ ಒಂಟಿತನಕ್ಕೆ ಒಂದು ಖಾತೆ ಪುಸ್ತಕವಿದೆ. ಅದನ್ನು ಬದಿಗೆ ಸರಿಸಿ ‘ಅಸ್ತಿತ್ವ’ ಎಂದ ಕೂಡಲೇ ಅವನು ಯಾರೂ ಅಲ್ಲದವನಾಗುತ್ತಾನೆ.

ಕಥೆಯ ಎರಡನೆಯ ಭಾಗದಲ್ಲಿ ಒಂದು ಸಂದರ್ಭವಿದೆ, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಮನೆಯ ಹಣಕಾಸಿನ ಸ್ಥಿತಿಯನ್ನು ಅಪ್ಪ ಹೆಂಡತಿಗೂ ಮಗಳಿಗೂ ವಿವರಿಸುತ್ತಿದ್ದಾನೆ. ವ್ಯಾಪಾರ ಮುಳುಗಿದಾಗ ಎಲ್ಲವೂ ಹೋಯಿತೆಂದು ಗ್ರೆಗೋರ್ ನಂಬಿದ್ದ. ಹೋಗಿರಲಿಲ್ಲ, ಒಂದಿಷ್ಟು ಉಳಿದಿತ್ತು. ತಿಂಗಳು ತಿಂಗಳೂ ಅವನು ತಂದುಕೊಟ್ಟ ದುಡ್ಡೂ ಪೂರ್ತಿ ಖರ್ಚಾಗದೆ ಒಂದು ಚಿಕ್ಕ ಗಂಟಾಗಿ ಬೆಳೆದಿತ್ತು. ಆ ದುಡ್ಡಿನಲ್ಲಿ ಸಾಲವನ್ನು ಇನ್ನಷ್ಟು ತೀರಿಸಬಹುದಿತ್ತು, ಆ ಕೆಲಸದಿಂದ ಬಿಡುಗಡೆಯ ದಿನ ಹತ್ತಿರವಾಗುತ್ತಿತ್ತು. ಬಾಗಿಲ ಹಿಂದೆ ಇದನ್ನು ಕೇಳಿಸಿಕೊಂಡ ಗ್ರೆಗೋರ್‌ಗೆ ಸಿಟ್ಟು ಬರುವುದಿಲ್ಲ. ತಲೆಯಾಡಿಸುತ್ತಾನೆ, ಅಪ್ಪನ ಮುಂದಾಲೋಚನೆಗೆ ಸಂತೋಷಪಡುತ್ತಾನೆ. ನಾನು ಈ ಕಥೆಯನ್ನು ಎಷ್ಟೋ ಸಲ ಓದಿದ್ದೇನೆ. ಬೆನ್ನಿಗೆ ಬಿದ್ದು ಅಲ್ಲೇ ಹೂತು ಕೊಳೆಯುವ ಸೇಬಿಗಿಂತ ಆ ಸಂತೋಷವನ್ನು ಓದುವುದು ನನಗೆ ಕಷ್ಟ. ಯಾತನೆ ಎಂಬ ಪದ ಅಲ್ಲಿ ಎಲ್ಲಿಯೂ ಇಲ್ಲ. ಇದ್ದಿದ್ದರೆ ನಾನು ಅದನ್ನು ಸಹಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆ.

ಇನ್ನೊಂದು ಚಿಕ್ಕ ತಿದ್ದುಪಡಿ. ಅವನನ್ನು ನೀವು ಮತ್ತೆ ಮತ್ತೆ ‘ಜಿರಳೆ’ ಎಂದಿದ್ದೀರಿ. ಮೂಲ ಜರ್ಮನ್ ಪದ ‘ಉಂಗೆಟ್ಸೀಫರ್’. ಹುಳುಹುಪ್ಪಟೆ, ಮನೆಗೆ ಬೇಡದ ಪೀಡೆ ಎಂಬಂಥ ಅರ್ಥ ಅದಕ್ಕೆ. ಇಂಥದ್ದೇ ಕೀಟ ಎಂದು ಅದು ಹೇಳುವುದಿಲ್ಲ. 1915ರಲ್ಲಿ ಪುಸ್ತಕ ಅಚ್ಚಾಗುವಾಗ ಮುಖಪುಟದಲ್ಲಿ ಆ ಕೀಟವನ್ನು ದೂರದಿಂದ ಕೂಡ ತೋರಿಸಕೂಡದು ಎಂದು ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದ. ಲೇಖಕ ಇಷ್ಟು ಜತನದಿಂದ ಮುಚ್ಚಿಟ್ಟದ್ದಕ್ಕೆ ನಾವು ಹೆಸರಿಡುವುದು ಬೇಡ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಿಮ್ಮ 5ನೇ ಪುಟದಲ್ಲಿ ‘ಅವನು ಗೋಡೆ ಹತ್ತುತ್ತಾನೆ’ ಎಂದಿದೆ. 6ನೇ ಪುಟದಲ್ಲಿ ‘ಅದು ಸೋಫಾದ ಕೆಳಗೆ ಅಡಗುತ್ತದೆ’. ಅದೇ ಪುಟದ ಕೊನೆಗೆ ‘ಗ್ರೆಗೋರ್ ಸಾಯುತ್ತದೆ’, 7ರಲ್ಲಿ ಪುನಃ ‘ಅವನ ಸಾವು’. ಮೊದಲು ಕೈತಪ್ಪೆಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಎರಡನೆಯ ಓದಿನಲ್ಲಿ ಅನಿಸಿತು, ಈ ಕೈತಪ್ಪಿನೊಳಗೆ ಇಡೀ ಕಥೆ ಇದೆ.

ಕಾಫ್ಕಾನ ನಿರೂಪಕ ಗ್ರೆಗೋರ್‌ನನ್ನು ಕಡೆಯವರೆಗೂ ‘ಅವನು’ ಎಂದೇ ಕರೆಯುತ್ತಾನೆ. ಮೊದಲು ಬದಲಾಗುವುದು ಮನೆಯವರ ಬಾಯಿ. ಅವನಿಗೆ ಏನು ಸೇರುತ್ತದೆ ಎಂದು ತಿಳಿಯಲು ಹಳೆಯ ವೃತ್ತಪತ್ರಿಕೆಯ ಮೇಲೆ ಅರ್ಧ ಕೊಳೆತ ತರಕಾರಿ, ಮೂಳೆ, ಒಣದ್ರಾಕ್ಷಿ, ಬಾದಾಮಿ, ಗಿಣ್ಣು ಎಲ್ಲವನ್ನೂ ಹರಡಿಟ್ಟಿದ್ದ ಅದೇ ತಂಗಿ ಗ್ರೇಟೆ, ಕಡೆಗೆ ಒಂದು ರಾತ್ರಿ, ಈ ಪ್ರಾಣಿಯ ಮುಂದೆ ಅಣ್ಣನ ಹೆಸರೆತ್ತಲಾರೆ, ಅದನ್ನು ತೊಲಗಿಸಬೇಕು ಎನ್ನುತ್ತಾಳೆ. ಅದೇ ಇರುಳು ಗೋಪುರದ ಗಡಿಯಾರ ಮೂರು ಹೊಡೆದ ಮೇಲೆ ಅವನು ಸಾಯುತ್ತಾನೆ. ಆಮೇಲೆ ನಿರೂಪಕನ ಮಾತೂ ಬದಲಾಗುತ್ತದೆ. ಅಲ್ಲಿಯತನಕ ‘ಅಪ್ಪ’, ‘ಅಮ್ಮ’ ಆಗಿದ್ದವರು ಒಮ್ಮೆಲೇ ‘ಸಂಸಾ ದಂಪತಿ’ ಆಗುತ್ತಾರೆ. ಅಪ್ಪ ಎನ್ನಲು ಒಬ್ಬ ಮಗ ಬೇಕಲ್ಲ!

ನೀವು ಕನ್ನಡದಲ್ಲಿ ಬರೆಯುತ್ತಿದ್ದೀರಿ. ‘ಅವನು’ ‘ಅದು’ಗಳ ನಡುವಿನ ಗೆರೆ ನಮ್ಮಲ್ಲಿ ಪ್ರತಿ ಕ್ರಿಯಾಪದದ ಬಾಲದಲ್ಲಿಯೂ ಇದೆ: ಬಂದನು, ಬಂದಿತು. ಒಂದು ವಾಕ್ಯ ಮುಗಿಸಬೇಕಾದರೂ ನೀವು ತೀರ್ಮಾನ ಮಾಡಲೇಬೇಕು. ಜೊತೆಗೆ ನಮ್ಮ ‘ಅದು’ವಿಗೆ ಇನ್ನೊಂದು ಮುಖವೂ ಇದೆ. ‘ಕೂಸು ಮಲಗಿದೆ, ಅದನ್ನು ಎಬ್ಬಿಸಬೇಡ’, ‘ಪಾಪ, ಅದಕ್ಕೇನು ತಿಳಿಯುತ್ತದೆ’ ಎನ್ನುವಾಗ ‘ಅದು’ವಿನಲ್ಲಿ ಇರುವುದು ಅಕ್ಕರೆ. ಕೆಲವು ಸೀಮೆಗಳಲ್ಲಿ ಹೆಂಗಸರ ಬಗ್ಗೆಯೂ ‘ಅದು ಬಂತು’ ಎನ್ನುವುದು ರೂಢಿ. ಹಾಗಾದರೆ ತಂಗಿ ‘ಅದು’ ಎಂದಾಗ ಕನ್ನಡದ ಓದುಗನಿಗೆ ಏನೇನು ಕೇಳಿಸುತ್ತದೆ? ಇದನ್ನು ಜರ್ಮನ್ ಓದುಗ ಬರೆಯಲಾರ, ಇಂಗ್ಲಿಷಿನಲ್ಲಿ ಓದಿದವನಿಗೂ ಹೊಳೆಯಲಿಕ್ಕಿಲ್ಲ. ನೀವು ಬರೆಯಬಹುದು. ನೀವು ಉದ್ಧರಿಸಿರುವ ಆರು ಮಂದಿ ವಿಮರ್ಶಕರಿಗೆ ಕಾಣದ ಜಾಗದಲ್ಲಿ ನಿಮ್ಮ ಪೆನ್ನು ತಾನಾಗಿಯೇ ಮುಗ್ಗರಿಸಿದೆ.

ಈ ಮಾತು ನನಗೆ ಯಾಕೆ ಇಷ್ಟು ತಾಗುತ್ತದೆ ಎಂದು ಹೇಳಬೇಕು. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಕ್ಷಯವಾಗಿದ್ದ ಒಬ್ಬ ದೊಡ್ಡಮ್ಮ ಇದ್ದರು. ಹಿತ್ತಲಿಗೆ ತೆರೆಯುವ ಕೋಣೆ ಅವರದು. ಅವರ ತಟ್ಟೆ ಲೋಟ ಬೇರೆ, ಬಾವಿಕಟ್ಟೆಯ ಪಕ್ಕದ ಗೂಡಿನಲ್ಲಿ ಬೋರಲು ಹಾಕಿರುತ್ತಿದ್ದವು. ಯಾರೂ ಅವರನ್ನು ಬೈದದ್ದು ನನಗೆ ನೆನಪಿಲ್ಲ. ಮೊದಮೊದಲು ‘ದೊಡ್ಡಮ್ಮನಿಗೆ ಊಟ ಕೊಟ್ಟಿರಾ?’ ಎಂದು ಕೇಳುತ್ತಿದ್ದರು. ವರ್ಷ ತುಂಬುವುದರೊಳಗೆ ಅದು ‘ಹಿತ್ತಲಿಗೆ ಊಟ ಹೋಯಿತೇ?’ ಎಂದಾಗಿತ್ತು. ಹಾಗೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬ.

ನೀವು ಕಣ್ಣೆತ್ತಿಯೂ ನೋಡದ ಇನ್ನೊಬ್ಬಳಿದ್ದಾಳೆ, ಕಸಮುಸುರೆಗೆ ಬರುವ ಮುದುಕಿ. ವಿಧವೆ, ಗಟ್ಟಿಮೂಳೆಯವಳು, ಬದುಕಿನಲ್ಲಿ ಬೇಕಾದಷ್ಟು ಕಂಡವಳು. ಗ್ರೆಗೋರ್‌ನನ್ನು ಕಂಡು ಅವಳು ಹೆದರುವುದಿಲ್ಲ. ಬಾಗಿಲು ಸರಿಸಿ ‘ಬಾರೋ ಇಲ್ಲಿ, ಮುದಿ ಸಗಣಿಹುಳುವೇ’ ಎಂಬ ಧಾಟಿಯಲ್ಲಿ ಕರೆಯುತ್ತಾಳೆ. ತಾನು ಅಕ್ಕರೆಯಿಂದಲೇ ಕರೆಯುತ್ತಿದ್ದೇನೆ ಎಂಬುದು ಅವಳ ಭಾವನೆ ಇದ್ದೀತು ಎಂದು ಕಾಫ್ಕಾ ಬರೆಯುತ್ತಾನೆ. ರೂಪ ಬದಲಾದ ಮೇಲೆ ತಂಗಿ ಅವನೊಡನೆ ನೇರವಾಗಿ ಆಡಿದ ಮೊದಲ ಮಾತು ಮುಷ್ಟಿ ಎತ್ತಿ ಗದರಿದ್ದು. ಈ ಮುದುಕಿಯದು ಬೈಗುಳವೇ ಇರಬಹುದು, ಆದರೆ ಅದು ಕರೆ. ಗ್ರೆಗೋರ್ ಅದಕ್ಕೆ ಓಗೊಡುವುದಿಲ್ಲ, ಅವಳ ಕಾಟದಿಂದ ರೇಗುತ್ತಾನೆ ಕೂಡ. ಒಂಟಿತನ ಒಂದೇ ದಿಕ್ಕಿನಿಂದ ಬರುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅವಳನ್ನು ದೇವತೆ ಮಾಡಲು ಹೋಗಬೇಡಿ. ಅವನು ಸತ್ತದ್ದನ್ನು ಪೊರಕೆಯಲ್ಲಿ ತಿವಿದು ನೋಡಿ, ‘ಅದು ಸತ್ತುಬಿದ್ದಿದೆ’ ಎಂದು ಮನೆಗೆಲ್ಲ ಕೂಗಿ ಹೇಳುವವಳೂ ಅವಳೇ. ಅದೇ ದಿನ, ಸಂಜೆಗೆ ಅವಳನ್ನು ಕೆಲಸದಿಂದ ಬಿಡಿಸುವುದೆಂದು ಮನೆಯ ಯಜಮಾನ ತೀರ್ಮಾನಿಸುತ್ತಾನೆ. ಮನೆಯವರು ಟ್ರಾಮ್ ಹತ್ತಿ ಊರಾಚೆ ಬಿಸಿಲಿಗೆ ಹೋಗುತ್ತಾರೆ. ಅವಳು ಎಲ್ಲಿಗೆ ಹೋದಳು?

ಕಾಫ್ಕಾನ ಕಾಯಿಲೆಯೇ ಈ ಕಥೆಯ ತಾಯಿಬೇರು ಎಂದು 4ನೇ ಪುಟದಲ್ಲಿ ಹೇಳಿದ್ದೀರಿ. ಕಥೆ ಬರೆದದ್ದು 1912ರ ಕೊನೆಯಲ್ಲಿ, ಕ್ಷಯ ಪತ್ತೆಯಾದದ್ದು 1917ರಲ್ಲಿ. ಸಾವು 1924ರಲ್ಲಿ. ದುಃಖವಿರುವ ಬರಹ ಕಂಡ ಕೂಡಲೇ ಲೇಖಕನ ಮೈಯಲ್ಲಿ ಹುಣ್ಣು ಹುಡುಕುವ ಅಭ್ಯಾಸ ನಮಗೆಲ್ಲ ಇದೆ, ಬಿಡಬೇಕು. ಬೇಕಿದ್ದರೆ ಇದನ್ನು ನೋಡಿ: 1908ರಿಂದ 1922ರವರೆಗೆ ಅವನು ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಯೊಂದರಲ್ಲಿ ನೌಕರ. ಮರ ಹೆರೆಯುವ ಯಂತ್ರಗಳಲ್ಲಿ ಚೌಕದ ದಂಡ ಇದ್ದರೆ ಕೆಲಸಗಾರರ ಬೆರಳು ಹೇಗೆ ಹೋಗುತ್ತದೆ, ದುಂಡನೆಯ ದಂಡ ಹಾಕಿದರೆ ಹೇಗೆ ಉಳಿಯುತ್ತದೆ ಎಂದು ಚಿತ್ರ ಸಮೇತ ವರದಿ ಬರೆದವನು. ನೋವನ್ನು ಗೆಣ್ಣುಗೆಣ್ಣಾಗಿ ಎಣಿಸಿ ದಾಖಲಿಸುವುದು ಅವನ ಹಗಲಿನ ಕೆಲಸವಾಗಿತ್ತು. ಅವನ ವಾಕ್ಯಗಳು ಅಳದೆ ನಿಂತಿರುವುದರ ಹಿಂದೆ ಆ ಕಚೇರಿಯ ಮೇಜೂ ಇದೆ ಎಂದು ನನ್ನ ನಂಬಿಕೆ.

ಚಿತ್ತಾಲರ ‘ಶಿಕಾರಿ’ಗೆ ಅರ್ಧ ಪುಟ ಕೊಟ್ಟು, ಅದು ‘ಕನ್ನಡದ ಕಾಫ್ಕಾ’ ಎಂದಿದ್ದೀರಿ. ಈ ಲೇಖನದಿಂದ ಅದನ್ನು ತೆಗೆದುಹಾಕಿ. 1979ರ ಆ ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಾದವನು. ಅವನ ಭಯಕ್ಕೆ ಹೆಸರು ಮುಖಗಳಿವೆ, ಹಿಂದೆ ಒಂದು ಊರಿದೆ. ಹನೇಹಳ್ಳಿಯಿಂದ ಹೋಗಿ ಮುಂಬಯಿಯ ರಾಸಾಯನಿಕ ಉದ್ದಿಮೆಯಲ್ಲಿ ದುಡಿದ ಲೇಖಕ ಕಂಡ ಒಂಟಿತನವದು. ಪ್ರಾಗ್‌ನ ಪಡಿಯಚ್ಚು ಎಂದರೆ ಇಬ್ಬರಿಗೂ ಅನ್ಯಾಯ. ಅದರ ಮೇಲೆ ಬರೆಯುವ ಆಸೆ ಇದ್ದರೆ ಬೇರೆಯಾಗಿಯೇ ಬರೆಯಿರಿ, ಸಂತೋಷದಿಂದ ಓದುತ್ತೇನೆ.

ಇನ್ನು ನಿಮ್ಮ ಕೋಣೆಗೆ ಹಿಂದಿರುಗೋಣ. ನಾನು ಕೇಳುವುದು ಐದಾರು ಪುಟ ಅಷ್ಟೇ, ಒಂದೇ ಕಥೆ, ಒಬ್ಬನೇ ಲೇಖಕ, ಆ ಎರಡು ವಾರ. ಎಚ್ಚರ ವಹಿಸಬೇಕಾದ ಜಾಗವನ್ನೂ ಹೇಳಿಬಿಡುತ್ತೇನೆ. ‘ನಾನೇ ಗ್ರೆಗೋರ್ ಆಗಿದ್ದೆ’ ಎಂದು ಬರೆಯುವ ಆಸೆ ಆಗುತ್ತದೆ, ಬರೆಯಬೇಡಿ. ನಿಮ್ಮ ಮೈಮೇಲಿನದು ಇಳಿಯಿತು, ಬೇವಿನ ಸೊಪ್ಪಿನ ನೀರಿನಲ್ಲಿ ಸ್ನಾನವಾಯಿತು, ಮತ್ತೆ ಎಲ್ಲರ ಜೊತೆ ಕೂತು ಉಂಡಿರಿ. ತಟ್ಟೆ ಒಂದು ದಿನವೂ ತಪ್ಪಲಿಲ್ಲ. ಅವನಿಗೂ ನಿಮಗೂ ಇರುವ ಈ ಅಂತರವನ್ನು ಮುಚ್ಚದೆ ಬರೆದರೆ ಆ ಕಥೆ ನಿಮಗೆ ಏನು ಮಾಡಿತು ಎಂಬುದು ತಾನಾಗಿ ಕಾಣುತ್ತದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ತಟ್ಟೆಯಲ್ಲಿ ಏನಿರುತ್ತಿತ್ತು? ಉಂಡ ತಟ್ಟೆಯನ್ನು ಯಾರು ತೊಳೆಯುತ್ತಿದ್ದರು? ನೀವು ಎಂದಾದರೂ ಬಾಗಿಲ ಹಿಂದೆ ಕಾದು ನಿಂತು ಸದ್ದಾಗುವ ಮೊದಲೇ ಚಿಲಕ ತೆಗೆದದ್ದುಂಟೇ? ತೆಗೆದಿದ್ದರೆ ಹೊರಗಿದ್ದವರ ಮುಖ ಹೇಗಿತ್ತು? ಕೆಳಗಿನ ಮಹಡಿಯವರು ನಿಮ್ಮ ಬಗ್ಗೆ ಮಾತನಾಡುವಾಗ ಹೆಸರು ಹಿಡಿದು ಹೇಳುತ್ತಿದ್ದರೋ, ‘ಮೇಲಿನ ರೂಮು’ ಎನ್ನುತ್ತಿದ್ದರೋ? ಇವಕ್ಕೆ ಉತ್ತರ ನೆನಪಿಲ್ಲದಿದ್ದರೆ ಕಟ್ಟಿ ಹೇಳಬೇಡಿ, ನೆನಪಿದ್ದಷ್ಟನ್ನೇ ಬರೆಯಿರಿ. ‘ಅನಾಥಪ್ರಜ್ಞೆ’ ಒಂದು ಸಲವೂ ಬೇಡ.

ಹಸ್ತಪ್ರತಿಯನ್ನು ಇದರೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. 6ನೇ ಪುಟದಲ್ಲಿ ನಾನು ಹಾಕಿದ್ದ ಕೆಂಪು ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಪ್ರಶ್ನೆ ಬರೆದಿದ್ದೇನೆ, ನೋಡಿ. ಪರೀಕ್ಷೆ ಮುಗಿಸಿಕೊಂಡು ನಿಧಾನವಾಗಿ ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರನ್ನೇ ಬರೆಯಿರಿ, ಬೇರೆಯವರ ಕಟ್ಟಿನಲ್ಲಿ ಸೇರಿಹೋಗುವುದು ಬೇಡ.

ವಿಶ್ವಾಸದಿಂದ,
ಸಂಪಾದಕ