ಸಂಪಾದಕರ ಉತ್ತರ: ಒಂಟೆಯ ಬೆನ್ನು, ನಮ್ಮ ಬೆನ್ನು

ಗದಗದ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ನಮ್ಮ ಪ್ರವಾಸ ವಿಶೇಷಾಂಕದಲ್ಲಿ ಬಂದ ಜೈಸಲ್ಮೇರ್ ಲೇಖನವನ್ನು ಓದಿ ಆರು ಪುಟಗಳ ಪತ್ರ ಬರೆದಿದ್ದಾರೆ. ಲೇಖನದಲ್ಲಿದ್ದ ಒಂದು ತಪ್ಪನ್ನು ತೋರಿಸಿದ್ದಾರೆ. 61 ವರ್ಷದ, ಮೊಣಕಾಲು ನೋವಿನ ತಾವೂ 66 ವರ್ಷದ ಯಜಮಾನರೂ ಬರುವ ಡಿಸೆಂಬರಿನಲ್ಲಿ ಒಂಟೆಯ ಮೇಲೆ ಹೋಗಿ ಒಂದು ರಾತ್ರಿ ಮರುಭೂಮಿಯಲ್ಲಿ ಮಲಗಿ ಬರಬಹುದೇ ಎಂದು ಕೇಳಿದ್ದಾರೆ. ಹೋಗಿಬಂದ ನೆರೆಮನೆಯವರು ‘ಅಲ್ಲಿರುವುದೆಲ್ಲ ಡಿಜೆ ಗದ್ದಲ’ ಎಂದದ್ದು ನಿಜವೇ, ‘ಅದು ಪ್ರಾಣಿಹಿಂಸೆ, ಹೋಗಬೇಡಿ’ ಎನ್ನುವ ಮಗಳಿಗೆ ಏನು ಹೇಳಲಿ ಎಂಬುವು ಅವರ ಉಳಿದ ಪ್ರಶ್ನೆಗಳು.

ಮಾನ್ಯರೇ,

ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಂಡು ದಿನಗಟ್ಟಲೆ ನಡೆಯುತ್ತದೆ ಎಂಬ ವಾಕ್ಯ ನನ್ನ ಕಣ್ಣು ತಪ್ಪಿಸಿ ಅಚ್ಚಾಯಿತು, ನಿಮ್ಮ ಕೆಂಪು ಶಾಯಿ ಅದರ ಮೇಲೆ ಬಿದ್ದದ್ದು ನ್ಯಾಯವೇ. ಡುಬ್ಬದಲ್ಲಿರುವುದು ಕೊಬ್ಬು. ನೀರಿನ ಉಳಿತಾಯ ನಡೆಯುವುದು ಬೇರೆಡೆ: ನೀರು ಸಿಗದ ದಿನಗಳಲ್ಲಿ ಒಂಟೆಯ ಮೈಯ ಉಷ್ಣತೆ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು ಮಧ್ಯಾಹ್ನ 40 ಡಿಗ್ರಿ ದಾಟುವವರೆಗೂ ಏರುತ್ತ ಹೋಗುತ್ತದೆ, ಹಾಗೆ ಏರಲು ಬಿಟ್ಟೇ ಅದು ಬೆವರಿನಲ್ಲಿ ಹೋಗಬೇಕಾದ ನೀರನ್ನು ಉಳಿಸಿಕೊಳ್ಳುತ್ತದೆ. ನೀರು ಕಂಡಾಗ ಒಂದೇ ಬಾರಿಗೆ ನೂರು ಲೀಟರಿನಷ್ಟು ಕುಡಿದರೂ ಅದರ ಮೊಟ್ಟೆಯಾಕಾರದ ಕೆಂಪು ರಕ್ತಕಣಗಳು ಉಬ್ಬುತ್ತವೆಯೇ ಹೊರತು ಒಡೆಯುವುದಿಲ್ಲ. ಡುಬ್ಬದ ವಿಷಯ ಇಲ್ಲಿಗೇ ಮುಗಿಯುವುದಿಲ್ಲ, ನಿಮ್ಮ ಮಗಳ ಪ್ರಶ್ನೆಗೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ನೆರೆಮನೆಯವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಜೈಸಲ್ಮೇರಿನಲ್ಲಿ ಎರಡು ಬೇರೆ ಬೇರೆ ಸರಕುಗಳು ‘ಸಫಾರಿ’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಮೊದಲನೆಯದು, ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಸಮ್ ಮರಳುದಿಬ್ಬಗಳ ಬಳಿ ಸಾಲುಗಟ್ಟಿ ನಿಂತಿರುವ ಟೆಂಟ್ ಕ್ಯಾಂಪುಗಳಲ್ಲಿ ಸಿಗುವುದು: ಸೂರ್ಯಾಸ್ತಕ್ಕೆ ಅರ್ಧ ಗಂಟೆ ಒಂಟೆ ಸವಾರಿ, ಜೀಪಿನಲ್ಲಿ ದಿಬ್ಬ ಹತ್ತಿಳಿಯುವ ಆಟ, ವೇದಿಕೆಯ ಮೇಲೆ ಕುಣಿತ, ಬಫೆ ಊಟ, ಹಾಸಿಗೆ, ಬಿಸಿನೀರು. ಎರಡನೆಯದರಲ್ಲಿ ಮಧ್ಯಾಹ್ನದ ಹೊತ್ತಿಗೆ ಜೀಪು ನಿಮ್ಮನ್ನು ಒಂದು ಹಳ್ಳಿಯ ಅಂಚಿನಲ್ಲಿ ಇಳಿಸುತ್ತದೆ, ಅಲ್ಲಿಂದ ಒಂದೂವರೆ ಎರಡು ಗಂಟೆ ಒಂಟೆಯ ಮೇಲೆ ಹೋಗಿ, ಒಂಟೆಯವರು ಒಲೆ ಹೂಡಿ ಬೇಯಿಸಿದ್ದನ್ನು ಉಂಡು, ಬಯಲಿನಲ್ಲೇ ಹಾಸಿದ ರಜಾಯಿಯ ಮೇಲೆ ಮಲಗಿ, ಬೆಳಿಗ್ಗೆ ಅದೇ ರೀತಿ ಹಿಂದಿರುಗುತ್ತೀರಿ. ಅಲ್ಲಿ ಶೌಚಾಲಯವಿಲ್ಲ, ಮರೆಗೆ ಒಂದು ದಿಬ್ಬವಿದೆ. ನಮ್ಮ ಲೇಖನ ಎರಡನೆಯದರ ಬಣ್ಣನೆ ಬರೆದು ಮೊದಲನೆಯದರ ಚಿತ್ರ ಹಾಕಿತ್ತು. ಗೊಂದಲಕ್ಕೆ ಅದೂ ಕಾರಣ.

ನಾನೂ ಇದರಲ್ಲಿ ಒಮ್ಮೆ ಮೋಸಹೋದವನೇ. ಕೋಟೆಯ ಓಣಿಯ ಒಬ್ಬ ಏಜೆಂಟ್ ‘ಪ್ರವಾಸಿಗರೇ ಬಾರದ ಜಾಗ’ ಎಂದು ಆಣೆಯಿಟ್ಟು ದುಡ್ಡು ಪಡೆದಿದ್ದ. ಹೋಗಿ ಇಳಿದ ಜಾಗ ಪ್ರಶಾಂತವಾಗಿಯೇ ಇತ್ತು, ಕತ್ತಲಾಗುವವರೆಗೆ. ಆಮೇಲೆ ತಿಳಿಯಿತು, ನಾವಿದ್ದದ್ದು ಒಂದು ಟೆಂಟ್ ಕ್ಯಾಂಪಿನ ಹಿಂದಿನ ದಿಬ್ಬದ ಮಗ್ಗುಲಲ್ಲಿ. ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕದ ಹಾಡುಗಳಿಗೆ ನಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳವೂ ತಾಳ ಹಾಕುತ್ತಿತ್ತು. ಆದ್ದರಿಂದ ಮುಂಗಡ ಕೊಡುವ ಮೊದಲು ‘ಎಷ್ಟು ದೂರ’ ಎಂದು ಕೇಳಿದರೆ ಸಾಲದು, ರಾತ್ರಿ ತಂಗುವ ಜಾಗದ ಹತ್ತಿರದ ಹಳ್ಳಿ ಯಾವುದು, ಕಣ್ಣಳತೆಯಲ್ಲಿ ಬೇರೆ ಕ್ಯಾಂಪ್ ಇದೆಯೇ, ಹತ್ತುವ ಒಂಟೆಗಳು ಯಾರವು ಎಂದು ಕೇಳಿ. ಒಂಟೆಯ ಒಡೆಯನೇ ಜೊತೆಯಲ್ಲಿ ಬರುವುದಾದರೆ ಅರ್ಧ ಸಂದೇಹ ಅಲ್ಲೇ ತೀರುತ್ತದೆ. ನೈರುತ್ಯ ದಿಕ್ಕಿನ ಖೂರಿಯ ಕಡೆ ಸಮ್‌ನಷ್ಟು ಜನಸಂದಣಿ ಇರುವುದಿಲ್ಲ. ಈ ಭಾಗದಲ್ಲೇ 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನ ಹರಡಿಕೊಂಡಿದೆ. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ಎರೆಭೂತ ಹಕ್ಕಿಗೆ ಉಳಿದಿರುವ ದೊಡ್ಡ ಆಸರೆ ಅದು ಎಂಬುದನ್ನು ನೆನೆದಾಗ ಆ ಧ್ವನಿವರ್ಧಕಗಳ ಮೇಲೆ ನನ್ನ ಸಿಟ್ಟು ಇನ್ನಷ್ಟು ಹೆಚ್ಚುತ್ತದೆ.

ಇನ್ನು ಮೊಣಕಾಲು. ಇದರಲ್ಲಿ ನಿಮಗೆ ಸಮಾಧಾನದ ಸುದ್ದಿಯಿದೆ, ಯಜಮಾನರಿಗೆ ಇಲ್ಲದಿರಬಹುದು. ಒಂಟೆಯನ್ನು ಕೂರಿಸಿಯೇ ಹತ್ತಿಸುವುದರಿಂದ ಮೊಣಕಾಲಿಗೆ ಬೀಳುವ ಕೆಲಸ ಒಂದು ಎತ್ತರದ ಮೆಟ್ಟಿಲನ್ನು ದಾಟಿದಷ್ಟು. ಆದರೆ ಅದು ಏಳುವ ಬಗೆಯನ್ನು ಮೊದಲೇ ತಿಳಿದಿರಬೇಕು. ಮುಂಗಾಲ ಮಂಡಿಯ ಮೇಲೆ ಇದ್ದಂತೆಯೇ ಅದು ಹಿಂಗಾಲುಗಳನ್ನು ಥಟ್ಟನೆ ನೀಡುತ್ತದೆ. ಸವಾರ ಅದರ ಕತ್ತಿನ ಕಡೆಗೆ ಮುಗ್ಗರಿಸುತ್ತಾನೆ. ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಮುಂಗಾಲುಗಳೂ ಎದ್ದು ಹಿಂದಕ್ಕೆ ಎಸೆದಂತಾಗುತ್ತದೆ. ಕೂರುವಾಗ ಮುಂಗಾಲು ಮೊದಲು ಮಡಚುವುದರಿಂದ ಮತ್ತೆ ಮುಂದಕ್ಕೆ ಬೀಳುವ ಸರದಿ. ಎರಡೂ ಸಲ ಪಲಾಣದ, ಅಂದರೆ ಅಲ್ಲಿಯ ಮರದ ಜೀನಿನ, ಮುಂಗೊಂಬನ್ನು ಹಿಡಿದು ಚೆನ್ನಾಗಿ ಹಿಂದಕ್ಕೆ ವಾಲಿ ಕುಳಿತಿರಿ, ಫೋಟೊ ತೆಗೆಯುವ ಮೊಬೈಲು ಆ ಹೊತ್ತಿಗೆ ಚೀಲದಲ್ಲಿರಲಿ.

ನಿಜವಾದ ಪರೀಕ್ಷೆ ಸೊಂಟದ್ದು ಮತ್ತು ತೊಡೆಯ ಒಳಮಗ್ಗುಲಿನದು. ಒಂಟೆ ಒಂದೇ ಪಕ್ಕದ ಮುಂಗಾಲು ಹಿಂಗಾಲುಗಳನ್ನು ಬಹುಮಟ್ಟಿಗೆ ಒಟ್ಟಿಗೆ ಎತ್ತಿಡುವ ಪ್ರಾಣಿಯಾದ್ದರಿಂದ ಮೇಲೆ ಕುಳಿತವರು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತಾರೆ. ಮೊದಲ ಇಪ್ಪತ್ತು ನಿಮಿಷ ಹಿತವೆನಿಸುವ ಈ ತೂಗಾಟ ಒಂದು ಗಂಟೆ ಕಳೆಯುವಷ್ಟರಲ್ಲಿ ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಲೆಕ್ಕ ಹಾಕಿಸುತ್ತದೆ. ಪಲಾಣಕ್ಕೆ ಕಾಲಿಡುವ ರಿಕಾಪು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಕಾಲು ಜೋಲುಬಿದ್ದು ಮಂಡಿಯ ನೋವು ಕೆದರುತ್ತದೆ, ಹಗ್ಗದಲ್ಲೇ ಒಂದು ಕುಣಿಕೆ ಹಾಕಿಸಿಕೊಳ್ಳಬಹುದು. ಮುಕ್ಕಾಲು ಗಂಟೆಗೊಮ್ಮೆ ಇಳಿದು ನಡೆಯಿರಿ, ಒಂಟೆಯ ನಡಿಗೆ ಮನುಷ್ಯರ ನಡಿಗೆಗಿಂತ ಬಹಳ ವೇಗದ್ದೇನಲ್ಲ. ಯಜಮಾನರಿಗೆ ಡಿಸ್ಕ್ ತೊಂದರೆ ಇದೆ ಎಂದು ಪತ್ರದ ನಾಲ್ಕನೆಯ ಪುಟದಲ್ಲಿ ಬರೆದಿದ್ದೀರಿ. ಹಾಗಿದ್ದರೆ ಅವರು ಹತ್ತದಿರುವುದೇ ಲೇಸು. ಅದಕ್ಕಾಗಿ ರಾತ್ರಿಯನ್ನು ಬಿಡಬೇಕಾಗಿಲ್ಲ: ಒಂಟೆಗಾಡಿ ಗೊತ್ತುಮಾಡಿಕೊಳ್ಳಿ. ಹಳೆಯ ವಿಮಾನದ ಟೈರು ಹಾಕಿದ ಈ ಗಾಡಿಗಳು ರಾಜಸ್ಥಾನದಲ್ಲಿ ಇಂದಿಗೂ ಮೇವು, ಸೌದೆ ಸಾಗಿಸುತ್ತವೆ. ಹುಲ್ಲಿನ ಮೇಲೊಂದು ಜಮಖಾನ ಹಾಸಿ ಕುಳಿತರೆ ನಮ್ಮ ಚಕ್ಕಡಿಗಿಂತ ಹೆಚ್ಚೇನೂ ಕುಲುಕುವುದಿಲ್ಲ.

ಮಗಳ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ‘ಹಿಂಸೆಯೇ ಇಲ್ಲ’ ಎಂದು ನಾನು ಬರೆದುಕೊಡಲಾರೆ. ಒಂಟೆಯ ಮೂಗಿನ ಹೊಳ್ಳೆಗೆ ಗೂಟ ತೂರಿಸಿ ಹಗ್ಗ ಕಟ್ಟಿರುತ್ತಾರೆ, ನಮ್ಮ ಎತ್ತಿನ ಮೂಗುದಾರದಂತೆಯೇ. ಆದರೆ ‘ಯಾರೂ ಹತ್ತದಿದ್ದರೆ ಒಂಟೆ ಸುಖವಾಗಿರುತ್ತದೆ’ ಎಂಬ ಎಣಿಕೆಯನ್ನು ಅಂಕಿಗಳು ಒಪ್ಪುವುದಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದ ಒಂಟೆಗಳು ಸುಮಾರು 4 ಲಕ್ಷ ಇದ್ದವು, 2019ರಲ್ಲಿ ಅವು ಸುಮಾರು 2.5 ಲಕ್ಷಕ್ಕೆ ಇಳಿದವು. ಟ್ರಾಕ್ಟರು, ಜೀಪು ಬಂದು ಉಳುವ, ಹೊರುವ ಕೆಲಸ ಹೋಯಿತು. ಮೇಯುವ ನೆಲಕ್ಕೆ ಬೇಲಿ ಬಿತ್ತು. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯಪ್ರಾಣಿಯೆಂದು ಸಾರಿ, 2015ರಲ್ಲಿ ಅದರ ವಧೆಯನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಿಸುವುದನ್ನು ನಿರ್ಬಂಧಿಸುವ ಕಾನೂನು ತಂದಾಗ, ತಲೆತಲಾಂತರದಿಂದ ಒಂಟೆ ಸಾಕಿದ ರಾಯಿಕಾ ಜನರಲ್ಲಿ ಅನೇಕರು ‘ಇನ್ನು ಗಂಡು ಕರುಗಳನ್ನು ಕೊಳ್ಳುವವರೇ ಇಲ್ಲ’ ಎಂದು ಕೈಚೆಲ್ಲಿದರು. ದುಡಿಮೆಯಿಲ್ಲದ ಒಂಟೆಯನ್ನು ಬಡವ ಸಾಕಲಾರ. ಹೀಗಾಗಿ ಸವಾರಿಯೇ ಅಪರಾಧವೆಂದು ನನಗೆ ಅನಿಸುವುದಿಲ್ಲ. ಯಾವ ಒಂಟೆಯ ಮೇಲೆ, ಅದರ ದಿನದ ಎಷ್ಟನೆಯ ಸವಾರಿ ಎಂಬುದು ವಿಚಾರ. ಸಮ್‌ನಲ್ಲಿ ಒಂದೇ ಸಂಜೆ ಗಿರಾಕಿಯಿಂದ ಗಿರಾಕಿಗೆ ಎದ್ದು ಕೂರುವ ಒಂಟೆಗಿಂತ, ಒಮ್ಮೆ ಹೊರಟು ಬೆಳಗಿನವರೆಗೆ ಮೇಯುವ ಒಂಟೆಯ ಪಾಡು ಮೇಲು ಎಂಬುದು ಕಣ್ಣಿಗೇ ಕಾಣುತ್ತದೆ.

ಮಗಳು ಜೊತೆಗೆ ಬಂದರೆ ಆಕೆಯೇ ಪರೀಕ್ಷೆ ಮಾಡಲಿ. ಡುಬ್ಬ ನೆಟ್ಟಗೆ ತುಂಬಿಕೊಂಡಿದ್ದರೆ ಹೊಟ್ಟೆಗೆ ಬಿದ್ದಿದೆ ಎಂದರ್ಥ, ಒಂದು ಪಕ್ಕಕ್ಕೆ ಜೋತುಬಿದ್ದಿದ್ದರೆ ಕೊಬ್ಬು ಕರಗಿದೆ. ಮೂಗಿನ ಗೂಟದ ಸುತ್ತ ರಕ್ತ, ಕೀವು ಇದ್ದರೆ, ಪಲಾಣ ಎತ್ತಿಸಿ ನೋಡಿದಾಗ ಹಸಿ ಹುಣ್ಣು ಕಂಡರೆ, ಆ ಒಂಟೆ ಬೇಡವೆಂದು ಹೇಳಿ ಬೇರೆಯದನ್ನು ಕೇಳಿ. ಏಳುವಾಗ ಅದು ಗೊಣಗುವುದನ್ನು ಮಾತ್ರ ನೋವೆಂದು ತಿಳಿಯಬೇಡಿ, ಆರೋಗ್ಯವಂತ ಒಂಟೆಯೂ ಎದ್ದೇಳೆಂದರೆ ಗೊಣಗಿಯೇ ಏಳುತ್ತದೆ. ನನ್ನ ಪರಿಚಯದ ಕೆಲವು ಉಪಸಂಪಾದಕರೂ ಹಾಗೆಯೇ.

ಡಿಸೆಂಬರ್ ಎಂದಿರಿ. ಋತು ಒಳ್ಳೆಯದೇ, ಅಕ್ಟೋಬರಿನಿಂದ ಮಾರ್ಚಿನವರೆಗೆ ಹೋಗಬಹುದು. ಆದರೆ ಚಳಿಗಾಲವೇ ಗಂಡೊಂಟೆಗಳು ಮದಕ್ಕೆ ಬರುವ ಕಾಲ ಎಂಬುದನ್ನು ಪ್ರವಾಸದ ಕರಪತ್ರಗಳು ಹೇಳುವುದಿಲ್ಲ. ನಾನು ಹೋದಾಗ ಜನವರಿ. ಸಾಲಿನ ಎರಡನೆಯ ಒಂಟೆ ಹಲ್ಲು ಕಡಿಯುತ್ತ ಬಾಯ್ತುಂಬ ನೊರೆ ತಂದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ಕೊಡದಿಂದ ನೀರು ಸುರಿದಂತೆ ಗುಳುಗುಳು ಸದ್ದು ಮಾಡಿ ಬಾಯಿಯ ಮಗ್ಗುಲಿನಿಂದ ಊದಿದ ಬಲೂನಿನಂಥ, ತೊಯ್ದ ಗುಲಾಬಿ ಬಣ್ಣದ ಚೀಲವೊಂದನ್ನು ಹೊರಕ್ಕೆ ಇಳಿಬಿಟ್ಟಿತು. ಒಂಟೆಗೇನೋ ಕರುಳು ಹೊರಬಂತೆಂದು ನಾನು ಕೂಗಿಕೊಂಡೆ. ಒಂಟೆಯಾತ ನಕ್ಕು, ಅದು ‘ದುಲ್ಲಾ’, ಹೆಣ್ಣಿನ ಮುಂದೆ ತೋರಿಸಿಕೊಳ್ಳುವ ಜಂಬ, ಎಂದ. ನಗು ಮುಗಿದ ಮೇಲೆ, ಇಂಥದ್ದರ ಬಾಯಿಯ ಹತ್ತಿರ ಹೋಗಬೇಡಿ, ಕಚ್ಚಿದರೆ ಕೈ ಹೋಗುತ್ತದೆ ಎಂದೂ ಸೇರಿಸಿದ. ನಿಮಗೆ ಹೆಣ್ಣೊಂಟೆಯನ್ನೋ ಸಾಧುವೆಂದು ಒಡೆಯ ಖಾತ್ರಿ ಕೊಡುವ ಒಂಟೆಯನ್ನೋ ಕೇಳಿ ಪಡೆಯಿರಿ.

ಚಳಿಯನ್ನು ಹಗುರವಾಗಿ ಎಣಿಸಬೇಡಿ. ಮಧ್ಯಾಹ್ನ 24 ಡಿಗ್ರಿ ಇದ್ದ ಬಯಲು, ಒಣಹವೆ ಮತ್ತು ಮೋಡವಿಲ್ಲದ ಆಕಾಶದ ಕಾರಣ ಸಂಜೆಯಿಂದಲೇ ಬಿಸಿಯನ್ನು ಬಿಟ್ಟುಕೊಡುತ್ತ ಬೆಳಗಿನ ಜಾವಕ್ಕೆ ಏಳೆಂಟು ಡಿಗ್ರಿಗೋ ಅದಕ್ಕೂ ಕೆಳಗೋ ಇಳಿಯುತ್ತದೆ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ, ನಿಮ್ಮದೇ ಒಂದು ಕಂಬಳಿ, ಬ್ಯಾಟರಿ, ಮಾತ್ರೆಗಳು ಇರಲಿ. ನಕ್ಷತ್ರ ನೋಡುವ ಆಸೆಯಿದ್ದರೆ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ, ಹುಣ್ಣಿಮೆಯಲ್ಲಿ ದಿಬ್ಬಗಳು ಚೆನ್ನ, ಆಕಾಶ ಖಾಲಿ.

ಊಟದ ಬಗ್ಗೆ ಗದಗದವರು ಅಂಜಬೇಕಾಗಿಲ್ಲ. ಅವರ ಬಾಜ್ರೆಯ ರೊಟ್ಟಿ ಎಂದರೆ ನಿಮ್ಮ ಸಜ್ಜಿ ರೊಟ್ಟಿಯೇ, ತುಸು ದಪ್ಪ. ಜೊತೆಗೆ ಕೊಡುವ ಕೇರ್-ಸಾಂಗ್ರಿ ಪಲ್ಯದ ಸಾಂಗ್ರಿ, ಖೇಜ್ರಿ ಮರದ ಎಳೆಯ ಕಾಯಿ. ಖೇಜ್ರಿ ಎಂದರೆ ದಸರೆಯಲ್ಲಿ ನೀವು ‘ಬಂಗಾರ’ವೆಂದು ಹಂಚಿಕೊಳ್ಳುವ ಬನ್ನಿ. ಉಂಡ ಪಾತ್ರೆಯನ್ನು ಒಣ ಮರಳಿನಲ್ಲೇ ಉಜ್ಜಿ ಬಟ್ಟೆಯಿಂದ ಒರೆಸಿಡುವುದನ್ನು ಕಂಡು ಮುಖ ಸಿಂಡರಿಸಬೇಡಿ, ನಮ್ಮಜ್ಜಿಯರ ಬೂದಿಗಿಂತ ಅದೇನೂ ಕಡಿಮೆಯಲ್ಲ.

ಹುಬ್ಬಳ್ಳಿಯಲ್ಲಿ ಹತ್ತಿದರೆ ಬೆಂಗಳೂರಿನಿಂದ ಬರುವ ರೈಲು ನೇರ ಜೋಧಪುರಕ್ಕೆ ಒಯ್ಯುತ್ತದೆ, ಅಲ್ಲಿಂದ ಜೈಸಲ್ಮೇರ್ ರಸ್ತೆಯಲ್ಲಿ ಸುಮಾರು 285 ಕಿಲೋಮೀಟರ್. ಹಿಂದಿರುಗುವ ಟಿಕೆಟ್ಟನ್ನು ಮಾತ್ರ ಸಫಾರಿ ಮುಗಿಯುವ ದಿನಕ್ಕೇ ಕಾದಿರಿಸಬೇಡಿ. ರಾತ್ರಿ ಒಂಟೆಗಳ ಮುಂಗಾಲುಗಳಿಗೆ ಗಿಡ್ಡ ಹಗ್ಗ ಕಟ್ಟಿ ಮೇಯಲು ಬಿಡುತ್ತಾರೆ. ಆ ಕುಂಟು ಹೆಜ್ಜೆಯಲ್ಲೇ ಅವು ಎಷ್ಟು ದೂರ ಹೋಗಿರುತ್ತವೆಂಬುದು ಒಂಟೆಯಾತ ಬೆಳಿಗ್ಗೆ ಮರಳಿನ ಮೇಲಿನ ಹೆಜ್ಜೆಗುರುತು ಹಿಡಿದು ಹೊರಟ ಮೇಲೆಯೇ ತಿಳಿಯುವುದು. ನಾವು ಎರಡು ಸಲ ಚಹಾ ಕಾಯಿಸಿ ಕುಡಿದು ಮುಗಿಸಿದರೂ ನಮ್ಮಾತ ದಿಬ್ಬದ ಆಚೆಯಿಂದ ಇನ್ನೂ ಬಂದಿರಲಿಲ್ಲ.

ಸಂಪಾದಕ