ರಾತ್ರಿ ಗಾಡಿ ಕಳಿಸ್ತೀವಿ ಅನ್ನುವವರಿಗೆ ಮುಂಗಡ ಕೊಡಬೇಡಿ

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನವಳು. ನಮ್ಮ ಯಜಮಾನರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು. ಮೂರು ಎಕರೆ ಕಾಫಿ ತೋಟ, ಸ್ವಲ್ಪ ಮೆಣಸು ಇದೆ. ಮೊದಲು ಸಂಜೆ ಎರಡು ಪೆಗ್ ರಮ್, ಅಷ್ಟೇ. ಈಗ ಎದ್ದ ಕೂಡಲೇ ಬೇಕು. ಇಲ್ಲದಿದ್ದರೆ ಕಾಫಿ ಲೋಟ ಹಿಡಿಯೋಕಾಗಲ್ಲ, ಪಂಚೆ ಮೇಲೆಲ್ಲ ಚೆಲ್ಲಿಕೊಳ್ಳುತ್ತಾರೆ. ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿ ಮನೆಯಲ್ಲಿ ಬಾಟಲಿ ಇರಲಿಲ್ಲ. ಮೂರನೇ ರಾತ್ರಿ ತೋಟಕ್ಕೆ ಆನೆ ನುಗ್ಗಿದೆ ಅಂತ ಕೋವಿ ಹಿಡಿದು ಹೊರಗೆ ಓಡಿದರು. ನಾವೂ ನಂಬಿದೆವು. ಬೆಳಿಗ್ಗೆ ನೋಡಿದರೆ ಒಂದು ಹೆಜ್ಜೆ ಗುರುತೂ ಇಲ್ಲ.

ಬೆಂಗಳೂರಿನಲ್ಲಿರುವ ಮೈದುನ ಕುಡಿತ ಬಿಡಿಸುವ ಒಂದು ಕೇಂದ್ರ ಹುಡುಕಿದ್ದಾರೆ. 'ರಾತ್ರಿ ಗಾಡಿ ಕಳಿಸ್ತೀವಿ, ನಾಲ್ಕು ಜನ ಬರ್ತಾರೆ, ನೀವು ಬಾಗಿಲು ತೆಗೆದರೆ ಸಾಕು' ಅನ್ನುತ್ತಾರಂತೆ. ತಿಂಗಳಿಗೆ 25 ಸಾವಿರ, ಮೂರು ತಿಂಗಳದ್ದು ಮುಂಗಡ. ಮೊದಲ 45 ದಿನ ನೋಡೋಕೂ ಬಿಡಲ್ಲ, ಫೋನೂ ಇಲ್ಲ. ಅತ್ತೆ 'ಕೊಡವರ ಮನೆಯಲ್ಲಿ ಕುಡಿಯದವರು ಯಾರಿದ್ದಾರೆ? ಒಕ್ಕದವರಿಗೆ (ಕುಲದವರಿಗೆ) ಗೊತ್ತಾದರೆ ಮಾನ ಹೋಗುತ್ತೆ' ಅನ್ನುತ್ತಾರೆ. ನೆರೆಯವರೊಬ್ಬರು ಊಟದಲ್ಲಿ ಬೆರೆಸಲು ಪುಡಿ ಕೊಟ್ಟಿದ್ದಾರೆ. ಮಗಳು ಒಂಬತ್ತನೇ ಕ್ಲಾಸು, ಬಾಟಲಿ ಬಚ್ಚಿಡೋದೇ ಅವಳ ಕೆಲಸವಾಗಿದೆ. ಬಾಗಿಲು ತೆಗೆಯಲೇ, ಬೇಡವೇ?

ಉತ್ತರ: ತಂಗಿ, ಬಾಗಿಲು ತೆಗೆಯಬೇಡಿ. ಆದರೆ ಸುಮ್ಮನೆ ಕೂರುವ ಹಾಗೂ ಇಲ್ಲ. ಕೇಂದ್ರ ಯಾವುದು ಅನ್ನುವುದು ನಿಮ್ಮ ಮನೆಯ ಮಟ್ಟಿಗೆ ಎರಡನೇ ಪ್ರಶ್ನೆ. ಮೊದಲು ಆಗಬೇಕಾದದ್ದು ಆಸ್ಪತ್ರೆ, ಅದೂ ಈ ವಾರದಲ್ಲೇ.

ಕಾರಣ ಆ ಆನೆ. ನಿಮ್ಮ ಕಡೆ ರಾತ್ರಿ ಆನೆ ಬಂತು ಅಂದರೆ ಯಾರೂ ಅನುಮಾನ ಪಡಲ್ಲ, ಅದಕ್ಕೇ ನಿಮಗೂ ಆಗ ಏನೂ ಅನ್ನಿಸಲಿಲ್ಲ. ಆದರೆ ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ದೇಹ ಹೇಗೆ ತಿರುಗಿ ಬೀಳುತ್ತದೆ ಅನ್ನುವುದಕ್ಕೆ ಒಂದು ಕ್ರಮ ಇದೆ. ಮೊದಲ ದಿನವೇ ಕೈನಡುಕ, ಬೆವರು, ವಾಂತಿ ಬಂದಂತಾಗುವುದು ಶುರು. ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು, ಹೊತ್ತು ಗೊತ್ತಾಗಲ್ಲ. ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಪ್ರಾಣವೇ ಹೋಗಬಹುದು. ಮೂರನೇ ರಾತ್ರಿ ಕಂಡ ಆನೆ, ಇಷ್ಟು ದೂರದಿಂದ ನನಗೆ ಹಾಗೇ ತೋರುತ್ತದೆ. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಆಗುವ ಭಯ ಜಾಸ್ತಿ.

ಈಗ ಆ ಗಾಡಿಯನ್ನು ಯೋಚಿಸಿ. ರಾತ್ರಿ ನಾಲ್ಕು ಜನ ಎತ್ತಿಕೊಂಡು ಹೋಗಿ ಬೆಂಗಳೂರಿನ ಒಂದು ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. ಮದ್ಯ ಥಟ್ಟನೆ ನಿಲ್ಲುತ್ತದೆ. ಮೂರನೇ ರಾತ್ರಿ ಅಲ್ಲಿ ಡಾಕ್ಟರ್ ಇರುತ್ತಾರಾ, ನರ್ಸ್ ಇರುತ್ತಾರಾ? 45 ದಿನ ಫೋನೂ ಇಲ್ಲ ಅಂದಮೇಲೆ ನಿಮಗೆ ಹೇಗೆ ಗೊತ್ತಾಗಬೇಕು?

ಇದು ಕಾನೂನಿಗೂ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಇಷ್ಟವಿಲ್ಲದವರನ್ನು ಸೇರಿಸಿಕೊಳ್ಳುವ ದಾರಿ ಅದರಲ್ಲಿ ಇದೆ, ಆದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ತನಗೋ ಇನ್ನೊಬ್ಬರಿಗೋ ಅಪಾಯ ಮಾಡಿಕೊಳ್ಳುವ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಅಂತ ಅವರಿಗೆ ಕಾಣಬೇಕು. ಆಗಲೂ ಮೊದಲ ಸಲಕ್ಕೆ 30 ದಿನ ಮೀರುವ ಹಾಗಿಲ್ಲ. ಸರಪಳಿ ಹಾಕುವುದು, ಒತ್ತಾಯದಿಂದ ತಲೆ ಬೋಳಿಸುವುದು, ಕೂಲಿ ಕೊಡದೆ ದುಡಿಸುವುದು ಎಲ್ಲಕ್ಕೂ ನಿಷೇಧ ಇದೆ. ಮನೆಯವರನ್ನು ಕಾಣುವುದು, ಫೋನಿನಲ್ಲಿ ಮಾತಾಡುವುದು ರೋಗಿಯ ಹಕ್ಕು. ಪರೀಕ್ಷೆಯೇ ಮಾಡದೆ ಮೂರು ತಿಂಗಳು ಅಂತ ಫೋನಿನಲ್ಲೇ ಹೇಳುವವರು ರೋಗಿಯನ್ನು ನೋಡಿ ಹೇಳುತ್ತಿಲ್ಲ.

ಮೈದುನರ ಮೇಲೆ ಕೋಪ ಬೇಡ. ಅಣ್ಣನ ಮೇಲಿನ ಪ್ರೀತಿಗೆ, ಗಾಬರಿಗೆ ಅವರು ಹುಡುಕಿದ್ದಾರೆ. ಅವರನ್ನು ಊರಿಗೆ ಕರೆಸಿ. ನಿಮ್ಮ ಜೊತೆ ಮಡಿಕೇರಿಗೆ ಬರಲು ಒಬ್ಬರು ಬೇಕು.

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ, ನಾವೆಲ್ಲ ಜಿಲ್ಲಾಸ್ಪತ್ರೆ ಅನ್ನುವುದು ಅದನ್ನೇ. ಅಲ್ಲಿ ಮನೋವೈದ್ಯ ವಿಭಾಗಕ್ಕೆ ಚೀಟಿ ಮಾಡಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ನಿಗದಿತ ದಿನ ಬರುತ್ತಾರೆ, ವಿರಾಜಪೇಟೆಗೆ ಯಾವ ದಿನ ಅಂತ ವಿಚಾರಿಸಿ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಬಾಟಲಿ, ಬೆಳಿಗ್ಗೆ ಎಷ್ಟು ಗಂಟೆಗೆ ಮೊದಲ ಗುಟುಕು, ಕಕ್ಕಡದ ಆ ರಾತ್ರಿ ಏನಾಯಿತು. ಅವರನ್ನು ಕೇಳಿದರೆ 'ಎರಡು ಪೆಗ್' ಅಂತಲೇ ಹೇಳುತ್ತಾರೆ, ಹಾಗಾಗಿ ಚೀಟಿಯನ್ನು ಡಾಕ್ಟರ್ ಕೈಗೇ ಕೊಡಿ. ಲಿವರ್, ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಬಿ1 ವಿಟಮಿನ್, ಅಂದರೆ ಥಯಾಮಿನ್ ಕೊಡುತ್ತಾರೆ. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಅದು ಬತ್ತಿಹೋಗಿರುತ್ತದೆ, ಮಿದುಳಿಗೆ ಆ ಕೊರತೆಯಿಂದ ದೊಡ್ಡ ಪೆಟ್ಟು. ನಡುಕ, ಫಿಟ್ಸ್ ಬಾರದಂತೆ ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ. ನಿಮ್ಮವರಿಗೆ ಒಳರೋಗಿಯಾಗಿ ಸೇರಿಸಿಕೊಳ್ಳಿ ಅಂತ ನೀವೇ ಕೇಳಿ, ಕಕ್ಕಡದ ಘಟನೆಯನ್ನು ಎರಡು ಸಲ ಹೇಳಿ.

ಅಲ್ಲಿಯವರೆಗೆ ಮನೆಯಲ್ಲಿ ಬಾಟಲಿ ಮುರಿದು ಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೆ ಅವರ ಸ್ಥಿತಿಯಲ್ಲಿ ಆಸ್ಪತ್ರೆಯ ಹೊರಗೆ ಥಟ್ಟನೆ ನಿಲ್ಲಿಸುವುದೇ ಅಪಾಯ. ಮಗಳಿಗೂ ಇದನ್ನು ಹೇಳಿ. ಅಪ್ಪನನ್ನು ಕಾಯುವುದು, ಬಾಟಲಿ ಬಚ್ಚಿಡುವುದು ಅವಳ ಕೆಲಸವಲ್ಲ. ಇದನ್ನು ಅವಳು ನಿಮ್ಮ ಬಾಯಿಂದಲೇ ಕೇಳಬೇಕು. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಕೈಗೆ ಕೀಗೊಂಚಲು ಕೊಡುತ್ತಾ ಹೊತ್ತು ಕಳೆಯಬೇಡಿ.

ಕೋವಿಯ ಮಾತು. ಕೊಡವರ ಮನೆಯಲ್ಲಿ ಕೋವಿಗೆ ಎಂಥ ಗೌರವ ಅಂತ ನನಗೆ ಗೊತ್ತು, ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆ ಮಾಡುವವರು ನೀವು. ಆದರೂ ಈಗ ಅದು ಆ ಮನೆಯಲ್ಲಿ ಇರಬಾರದು. ಇಲ್ಲದ ಆನೆಗೆ ಗುಂಡು ಹೊಡೆದರೆ ಎದುರಿಗೆ ಯಾರಿರುತ್ತಾರೋ. ಕುಡಿತದ ಜೊತೆ ಖಿನ್ನತೆ ಇದ್ದರೆ ತನ್ನ ಮೇಲೇ ತಿರುಗಿಸಿಕೊಳ್ಳುವ ಭಯವೂ ಇದೆ. ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ಹೇಗೆ ಅಂತ ಮೈದುನರು ಕೇಳಿ ಬರಲಿ. ಆಗುವ ತನಕ ಗುಂಡಿನ ತೋಟಾ ಒಂದು ಕಡೆ, ಕೋವಿ ಒಂದು ಕಡೆ ಬೀಗ ಹಾಕಿಡಿ, ಕೀ ನಿಮ್ಮ ಹತ್ತಿರ ಇರಲಿ. ಅವರು ಕೋವಿ ಕೈಗೆತ್ತಿಕೊಂಡರೆ ವಾದಕ್ಕೆ ನಿಲ್ಲಬೇಡಿ. ಅತ್ತೆ, ಮಗಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಆ ಪುಡಿಯನ್ನು ಇವತ್ತೇ ಎಸೆಯಿರಿ. ಅದರಲ್ಲಿ ಏನಿದೆ ಅಂತ ಕೊಟ್ಟವರಿಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಅನ್ನುವ ಒಂದು ಔಷಧಿ ಇದೆ, ಅದು ದೇಹದಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲ ಇದ್ದವರು ಸತ್ತೇ ಹೋಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಹೆಂಡತಿ ಎದುರಿಗೆ ದಿನವೂ ನುಂಗಿಸಿದರೆ ಅದೇ ಔಷಧಿ ಕೆಲಸ ಮಾಡುತ್ತದೆ. ಕದ್ದು ಬೆರೆಸಿದರೆ ವಿಷಕ್ಕೆ ಸಮ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ. ಯಾವುದು ಬೇಕು ಅಂತ ಡಾಕ್ಟರ್ ಲಿವರ್ ನೋಡಿ ತೀರ್ಮಾನಿಸಲಿ.

ನಡುಕ ಇಳಿದ ಮೇಲೆ ಕೇಂದ್ರದ ಮಾತು. ಮೈಸೂರಿನಲ್ಲಿ, ಮಂಗಳೂರಿನಲ್ಲಿ ವ್ಯಸನಮುಕ್ತಿ ಕೇಂದ್ರಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಘ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ನಿಮಗೆ ಹತ್ತಿರದ್ದು ಯಾವುದು ಅಂತ 14446ಕ್ಕೆ ಫೋನ್ ಮಾಡಿ ಕೇಳಿ, ಅದು ವ್ಯಸನದ ರಾಷ್ಟ್ರೀಯ ಸಹಾಯವಾಣಿ. ನಿಮ್ಮವರು ಮಾಜಿ ಸೈನಿಕರಲ್ವಾ, ಅವರಿಗಿರುವ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಲ್ಲಿ ಯಾವ ಆಸ್ಪತ್ರೆಗೆ ಬರೆದುಕೊಡುತ್ತಾರೆ ಅಂತ ವಿಚಾರಿಸದೆ ಕೈಯಿಂದ ದುಡ್ಡು ಹಾಕಬೇಡಿ.

ಯಾವ ಕೇಂದ್ರವೇ ಆಗಲಿ, ಸೇರಿಸುವ ಮೊದಲು ನೀವೇ ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. ಗೋಡೆ ಮೇಲಿನ ಫೋಟೋ, ಸನ್ಮಾನ ಪತ್ರ ತೋರಿಸಿದರೆ ಅದು ಉತ್ತರವಲ್ಲ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ನರ್ಸ್ ಇದ್ದಾರಾ, ತುರ್ತಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಅಂತ ಕೇಳಿ. ಆಫೀಸು ರೂಮು ಎಲ್ಲ ಕಡೆ ಚೆನ್ನಾಗೇ ಇರುತ್ತದೆ. ಮಲಗುವ ಕೋಣೆ, ಕಕ್ಕಸು, ಅಡುಗೆಮನೆ ನೋಡಬೇಕು ಅನ್ನಿ. ಒಳಗಿರುವ ಇಬ್ಬರ ಹತ್ತಿರ ಸಿಬ್ಬಂದಿ ಎದುರಿಗಿಲ್ಲದೆ ಮಾತಾಡಲು ಬಿಡುತ್ತಾರಾ ನೋಡಿ. ಒಳಗೆ ಹೋಗೋಕೇ ಬಿಡದಿದ್ದರೆ ಮತ್ತೇನೂ ಕೇಳಬೇಕಿಲ್ಲ, ವಾಪಸ್ ಬಸ್ಸು ಹತ್ತಿ. ಗ್ಯಾರಂಟಿ ಅನ್ನುವವರನ್ನೂ ನಂಬಬೇಡಿ. ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಮಾಮೂಲು. ಒಳ್ಳೆಯ ಕೇಂದ್ರದವರು ಅದನ್ನು ಮೊದಲೇ ಹೇಳಿ, ಹಾಗಾದರೆ ಏನು ಮಾಡಬೇಕು ಅಂತ ನಿಮಗೂ ಕಲಿಸುತ್ತಾರೆ.

ಅದಕ್ಕೇ ನಾನು ದೂರದ ಕೇಂದ್ರಕ್ಕಿಂತ ಹತ್ತಿರದ್ದು ಮೇಲು ಅನ್ನುವವಳು. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ದೂರ ಇದ್ದರೆ ನೀವು ವಾರವಾರ ಹೋಗುತ್ತೀರಿ, ಬಿಡುಗಡೆಯಾದ ಮೇಲೆ ಅವರೂ ತಪಾಸಣೆಗೆ ಹೋಗುತ್ತಾರೆ. ಒಳಗಿದ್ದಾಗ ಕುಡಿಯದಿರುವುದು ದೊಡ್ಡದಲ್ಲ. ಊರಿಗೆ ಬಂದ ಮೇಲಿನ ಒಂದು ವರ್ಷವೇ ಕಷ್ಟ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ನಮ್ಮ ಜಿಲ್ಲೆಯಲ್ಲೂ ನಡೆಯುತ್ತದೆ, ಸಾಮಾನ್ಯವಾಗಿ ಎಂಟು ದಿನ. ಅದರಿಂದ ಬದುಕು ಕಟ್ಟಿಕೊಂಡವರು ತುಂಬ ಜನ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಸೇರಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವುದು ಅದರ ದೊಡ್ಡ ಗುಣ. ನಿಮ್ಮವರಿಗೆ ಅದು ಆಗಬಹುದು, ಆದರೆ ಆಸ್ಪತ್ರೆ ಮುಗಿಸಿ, ಡಾಕ್ಟರ್ ಸರಿ ಅಂದ ಮೇಲೆ. ಕುಡಿತ ಬಿಡಬೇಕು ಅನ್ನುವವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಫೀಸೂ ಇಲ್ಲ, ಹೆಸರು ಊರೂ ಹೇಳಬೇಕಿಲ್ಲ.

ಇನ್ನು ಅವರನ್ನು ಒಪ್ಪಿಸುವುದು. ಪೂರ್ತಿ ಅಮಲಿನಲ್ಲಿದ್ದಾಗ ಮಾತು ಬೇಡ, ಕೈ ನಡುಗುವಾಗಲೂ ಬೇಡ. ಬೆಳಿಗ್ಗೆ ನಡುಕ ತಗ್ಗಿದ ಮೇಲೆ ತೋಟದ ಕಡೆ ಹೊರಡುವ ಮುಂಚೆ ಒಂದು ಹೊತ್ತು ಇರುತ್ತದಲ್ಲ, ಆಗ ಕೂತು ಮಾತಾಡಿ. 'ನೀವು ಕುಡುಕ' ಅನ್ನಬೇಡಿ. 'ಲೋಟ ಹಿಡಿಯೋಕೆ ಆಗ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಆವತ್ತು ಇಲ್ಲದ ಆನೆ ಕಂಡಿತು. ನನಗೆ ಭಯ ಆಗ್ತಿದೆ. ಸೋಮವಾರ ಮಡಿಕೇರಿಗೆ ಹೋಗೋಣ, ನಾನೂ ಬರ್ತೀನಿ' ಅನ್ನಿ. ಕೈನಡುಕಕ್ಕೆ ಡಾಕ್ಟರ್ ಹತ್ತಿರ ಹೋಗೋಣ ಅಂದರೆ ಹೆಚ್ಚಿನ ಗಂಡಸರು ಬರುತ್ತಾರೆ. ಅದು ಸುಳ್ಳೂ ಅಲ್ಲ. ಮದುವೆಗೆ ಅಂತ ಸುಳ್ಳು ಹೇಳಿ ಕರೆದೊಯ್ದು ಆಸ್ಪತ್ರೆಯಲ್ಲಿ ಬಿಟ್ಟರೆ ಮತ್ತೆ ನಿಮ್ಮನ್ನು ನಂಬಲ್ಲ. 'ಕೊಯ್ಲು ಮುಗೀಲಿ' ಅಂದರೆ ಒಪ್ಪಬೇಡಿ. ಕೊಯ್ಲು ಮುಗಿದಾಗ ಕೈಯಲ್ಲಿ ದುಡ್ಡಿರುತ್ತದೆ, ಆಗ ಇನ್ನೂ ಕಷ್ಟ. ಕೊಯ್ಲಿನ ಆಳುಗಳನ್ನು ಮೈದುನರು ನೋಡಿಕೊಳ್ಳಲಿ. ಬರೋದೇ ಇಲ್ಲ ಅಂದರೆ ನೀವೊಬ್ಬರೇ ಹೋಗಿ ಮನೋವೈದ್ಯರನ್ನು ಕಾಣಿ, ಮುಂದಿನ ದಾರಿ ಅವರು ಹೇಳುತ್ತಾರೆ.

ನಿಮ್ಮ ಅತ್ತೆಯ ಮಾತು ಕಠಿಣವಾಗಿ ಕೇಳಿಸಿರಬಹುದು, ಆದರೆ ಅದರ ಹಿಂದೆ ತಾಯಿಯ ಭಯ ಇದೆ. ಹಬ್ಬಕ್ಕೆ, ಮದುವೆಗೆ, ಗತಿಸಿದ ಹಿರಿಯರಿಗೆ ಎಡೆ ಇಡುವ ಮೀದಿಗೆ ಮದ್ಯ ಇಡುವ ಮನೆತನದಲ್ಲಿ ಕುಡಿತವನ್ನು ಕಾಯಿಲೆ ಅಂತ ಒಪ್ಪುವುದು ಸುಲಭವಲ್ಲ. ಮೀದಿ ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ ಅಂತ ಅವರಿಗೆ ತಿಳಿಸಿ. ಮಗನ ಕೈಗೆ ಲೋಟ ಕೊಡಬೇಡಿ ಅಷ್ಟೇ. ಈ ವರ್ಷ ಹಿರಿಯರಿಗೆ ಇಡುವ ಕೆಲಸ ಮೈದುನರು ಮಾಡಲಿ. ಒಕ್ಕದಲ್ಲಿ ನೀವು ನಂಬುವ ಒಬ್ಬ ಹಿರಿಯರಿಗೆ ವಿಷಯ ಹೇಳಿಟ್ಟರೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ 'ಒಂದೇ ಒಂದು ತಗೋ' ಅನ್ನುವವರನ್ನು ಅವರೇ ತಡೆಯುತ್ತಾರೆ. ಊರಿಗೆಲ್ಲ ಡಂಗುರ ಹೊಡೆಯಬೇಕಿಲ್ಲ.

ನೀವೂ ಸುಸ್ತಾಗಿದ್ದೀರಿ, ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಗಂಡನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಮಾತಾಡಿ.

ಮೈದುನರು ಆ ಕೇಂದ್ರಕ್ಕೆ ಮುಂಗಡ ಕಳಿಸುವ ಮೊದಲೇ ಇವತ್ತು ಅವರಿಗೆ ಫೋನ್ ಮಾಡಿ. ಕಳಿಸಿಬಿಟ್ಟಿದ್ದರೆ ರಸೀದಿ ಇಟ್ಟುಕೊಳ್ಳಲಿ, ಗಾಡಿ ಬೇಡ ಅಂತ ಮೆಸೇಜ್‌ನಲ್ಲಿ ಬರೆದೇ ತಿಳಿಸಲಿ. ಆ ದುಡ್ಡು ಬರಲಿ, ಬಿಡಲಿ, ಸೋಮವಾರ ಮಡಿಕೇರಿಗೆ ಹೋಗಿ. ಡಾಕ್ಟರ್ ಏನು ಹೇಳಿದರು ಅಂತ ನನಗೆ ಬರೆಯಿರಿ.